ಹದಿಮೂರರ ಹುಡುಗಿಗೊಂದು ಕಾಗದ



ಇಶಾ ನಮಾಝ್ ಮುಗಿಸಿ, ಅಡುಗೆಮನೆಯ ಬಾಗಿಲು ಹಾಕಿ ಮಲಗಲು ಹೊರಟಿದ್ದೀರಿ. ನಿಮ್ಮ ಹದಿಮೂರು ವರ್ಷದ ಮಗಳು ಚಾವಡಿಯ ಮೂಲೆಯಲ್ಲಿ ದೀಪ ಆರಿಸಿ, ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಒಬ್ಬಳೇ ಕುಳಿತಿದ್ದಾಳೆ. ಮೊಬೈಲಿನ ಬೆಳಕಿನಲ್ಲಿ ಅವಳ ಕೆನ್ನೆ ಒದ್ದೆಯಾಗಿರುವುದು ಕಾಣುತ್ತದೆ. ಆಗ ನಿಮ್ಮ ಮನಸ್ಸಿಗೆ ಮೊದಲು ಏನು ಬರುತ್ತದೆ?

ನಿಮಗೆ ಏನು ಬರುತ್ತದೋ ನನಗೂ ಅದೇ ಬಂತು. ಕಳೆದ ಮಳೆಗಾಲದ ಒಂದು ರಾತ್ರಿಯ ಮಾತು ಇದು. "ಯಾರ ಜೊತೆ ಮಾತನಾಡುತ್ತಿದ್ದೀ?" ಎಂದು ಕೇಳಿದೆ. ನನ್ನ ಧ್ವನಿಯಲ್ಲಿ ತಾಯಿಗಿಂತ ಮದ್ರಸದ ಅಧ್ಯಾಪಕಿಯೇ ಹೆಚ್ಚಾಗಿದ್ದಳು. ಮಗಳು ಉತ್ತರ ಕೊಡಲಿಲ್ಲ. ಒಂದು ಕಿವಿಯ ಇಯರ್‌ಫೋನ್ ತೆಗೆದು ನನ್ನತ್ತ ಚಾಚಿದಳು. ನಾನು ಅದನ್ನು ಕಿವಿಗಿಟ್ಟುಕೊಂಡೆ. ಒಬ್ಬ ಹೆಣ್ಣುಮಗಳು ಇಂಗ್ಲಿಷಿನಲ್ಲಿ ಮೆಲ್ಲಗೆ ಹಾಡುತ್ತಿದ್ದಳು. ಸಿನಿಮಾ ಹಾಡುಗಳಲ್ಲಿ ಕೇಳಿಬರುವ ತೆಳ್ಳನೆಯ ಧ್ವನಿ ಅದಾಗಿರಲಿಲ್ಲ. ತಗ್ಗಿನ, ತುಂಬಿದ, ತುಸು ಭಾರವಾದ ಧ್ವನಿ.

ಮೊಬೈಲಿನ ಪರದೆಯ ಮೇಲಿದ್ದ ಹೆಸರನ್ನು ನಾನು "ಲೌಫಿ" ಎಂದು ಓದಿದೆ.

"ಲೌಫಿ ಅಲ್ಲ ಉಮ್ಮಾ, ಲೇವೇ. ಎಲ್ಲರೂ ಅವಳ ಹೆಸರನ್ನು ತಪ್ಪಾಗಿಯೇ ಹೇಳುತ್ತಾರಂತೆ" ಎಂದಳು ಮಗಳು. ಅಷ್ಟು ಹೇಳಿ ಮತ್ತೆ ಅತ್ತಳು.

ಸಂಗೀತದ ಕುರಿತು ನಮ್ಮ ಉಲಮಾಗಳ ನಡುವೆ ಇರುವ ಅಭಿಪ್ರಾಯಭೇದ ನಿಮಗೆ ತಿಳಿದದ್ದೇ. ನಾನು ಓದಿದ ಮದ್ರಸದಲ್ಲಿ ವಾದ್ಯಗಳಿಗೆ ಜಾಗವಿರಲಿಲ್ಲ. ನಮ್ಮ ಮನೆಯಲ್ಲೂ ಆ ಅಭ್ಯಾಸವಿಲ್ಲ. ಆ ಚರ್ಚೆಯನ್ನು ಇಲ್ಲಿ ತೀರ್ಮಾನಿಸಲು ನಾನು ಹೊರಟಿಲ್ಲ. ಅಂದು ನನ್ನ ಮುಂದೆ ಎರಡು ದಾರಿಗಳಿದ್ದವು. ಮೊಬೈಲ್ ಕಸಿದುಕೊಂಡು ಮಲಗಲು ಕಳುಹಿಸುವುದು ಒಂದು. ಈ ಹುಡುಗಿ ಯಾರು, ಅವಳು ಏನು ಹೇಳುತ್ತಿದ್ದಾಳೆ, ಅದನ್ನು ಕೇಳಿ ನನ್ನ ಮಗಳು ಏಕೆ ಅಳುತ್ತಿದ್ದಾಳೆ ಎಂದು ತಿಳಿಯುವುದು ಇನ್ನೊಂದು. ಮೊದಲನೆಯದು ಸುಲಭವಾಗಿತ್ತು. ಆದರೆ ಅದರಿಂದ ಕಣ್ಣೀರಿನ ಕಾರಣ ನನಗೆ ಎಂದೂ ತಿಳಿಯುತ್ತಿರಲಿಲ್ಲ.

ಇಲ್ಲಿ ನಿಮಗೆ ಒಂದು ಹಿಂದಿನ ಸಂಗತಿ ಹೇಳಬೇಕು. ನನ್ನ ಮಗಳ ಧ್ವನಿ ದಪ್ಪ. ಚಿಕ್ಕವಳಿದ್ದಾಗ ಅವಳು ಕುರ್‌ಆನ್ ಓದುವುದನ್ನು ಕೇಳಲು ನೆರೆಮನೆಯ ಹೆಂಗಸರು ಬರುತ್ತಿದ್ದರು. ಸ್ವಾದ್, ತ್ವಾ, ಖಾಫ್‌ನಂತಹ ಭಾರವಾದ ಅಕ್ಷರಗಳು ಅವಳ ಬಾಯಲ್ಲಿ ತಾವಾಗಿಯೇ ಕೂರುತ್ತಿದ್ದವು. ತಜ್ವೀದ್ ಕಲಿಸುವ ನನಗೆ ಅದರ ಬೆಲೆ ಗೊತ್ತು. ಆದರೆ ಎಂಟನೆಯ ತರಗತಿಗೆ ಹೋದ ಮೇಲೆ ಶಾಲೆಯಲ್ಲಿ ಯಾರೋ ಅವಳನ್ನು "ಗಂಡುಸ್ವರ" ಎಂದು ಕರೆದರು. ಮರುದಿನ ಇನ್ನು ನಾಲ್ಕು ಮಂದಿ ಹಾಗೆಯೇ ಕರೆದರು. ಕನ್ನಡ ಪಾಠವನ್ನು ಎದ್ದುನಿಂತು ಓದಲು ಹೇಳಿದರೆ ಗಂಟಲು ನೋವು ಎನ್ನತೊಡಗಿದಳು. ಮದ್ರಸದ ವಾರ್ಷಿಕೋತ್ಸವದಲ್ಲಿ ಮಹಿಳೆಯರ ಸಭೆಗೆಂದು ಇಟ್ಟಿದ್ದ ಕಿರಾಅತ್ ಸ್ಪರ್ಧೆಯಿಂದ ಹೆಸರು ಹಿಂತೆಗೆದುಕೊಂಡಳು. ಮನೆಯಲ್ಲಿಯೂ ಕುರ್‌ಆನ್ ಓದುವಾಗ ತುಟಿ ಮಾತ್ರ ಅಲುಗಾಡುತ್ತಿತ್ತು.

ನಾನು ಏನು ಮಾಡಿದೆ ಗೊತ್ತೇ? "ಅದನ್ನೆಲ್ಲ ಕಿವಿಗೆ ಹಾಕಿಕೊಳ್ಳಬೇಡ" ಎಂದೆ. ನಾವೆಲ್ಲರೂ ಮಕ್ಕಳಿಗೆ ಹೇಳುವ ಮಾತು ಅದು. ಹೇಳಿದ ಮೇಲೆ ನಮ್ಮ ಕೆಲಸ ಮುಗಿಯಿತು ಎಂದುಕೊಳ್ಳುತ್ತೇವೆ.

ಆ ರಾತ್ರಿಯ ನಂತರ ನಾನು ಈ ಲೇವೇ ಎಂಬವಳ ಬಗ್ಗೆ ಓದತೊಡಗಿದೆ. ಮೂವತ್ತು ದಾಟಿದ ಮೇಲೆ ದೂರಶಿಕ್ಷಣದಲ್ಲಿ ಬಿ.ಎ. ಮಾಡಿದವಳು ನಾನು. ಆಗ ಕಲಿತ ಇಂಗ್ಲಿಷ್ ಹೀಗೊಂದು ಕೆಲಸಕ್ಕೆ ಬಂದೀತೆಂದು ಯೋಚಿಸಿರಲಿಲ್ಲ.

ಲೇವೇ 1999ರ ಏಪ್ರಿಲ್‌ನಲ್ಲಿ ಐಸ್‌ಲ್ಯಾಂಡ್ ದೇಶದ ರಾಜಧಾನಿ ರೇಕ್ಯಾವಿಕ್‌ನಲ್ಲಿ ಹುಟ್ಟಿದವಳು. ಅವಳಿಗೊಬ್ಬಳು ಅವಳಿ ಸಹೋದರಿಯೂ ಇದ್ದಾಳೆ. ಉತ್ತರ ಧ್ರುವವೃತ್ತದ ಹತ್ತಿರ, ಸಮುದ್ರದ ನಡುವೆ ಇರುವ ಆ ದೇಶದ ಒಟ್ಟು ಜನಸಂಖ್ಯೆ ಸುಮಾರು 4 ಲಕ್ಷ. ನಮ್ಮ ಮಂಗಳೂರು ನಗರದಲ್ಲೇ ಅದಕ್ಕಿಂತ ಹೆಚ್ಚು ಜನರಿದ್ದಾರೆ. ತಂದೆ ಅಲ್ಲಿಯವರು. ತಾಯಿ ಚೀನಾದವರು, ಐಸ್‌ಲ್ಯಾಂಡಿನ ಸಿಂಫನಿ ವಾದ್ಯವೃಂದದಲ್ಲಿ ಪಿಟೀಲು ನುಡಿಸುವವರು. ತಾಯಿಯ ತಂದೆ ಲಿನ್ ಯಾವೋಜಿ ಬೀಜಿಂಗ್‌ನ ಕೇಂದ್ರೀಯ ಸಂಗೀತ ವಿದ್ಯಾಲಯದಲ್ಲಿ ಹೆಸರುವಾಸಿ ಪಿಟೀಲು ಗುರುಗಳಾಗಿದ್ದರು. ಅಜ್ಜಿ ಪಿಯಾನೊ ಕಲಿಸುತ್ತಿದ್ದರು. ಹೀಗೆ ಮೂರು ತಲೆಮಾರಿನ ವಿದ್ಯೆ ಈ ಹುಡುಗಿಗೆ ಮನೆಯಲ್ಲೇ ಸಿಕ್ಕಿತು. ನಾಲ್ಕನೆಯ ವಯಸ್ಸಿಗೆ ಪಿಯಾನೊ, ಎಂಟಕ್ಕೆ ಚೆಲ್ಲೊ. ಚೆಲ್ಲೊ ಎಂದರೆ ಪಿಟೀಲಿನ ದೊಡ್ಡಕ್ಕನಂತಹ ವಾದ್ಯ. ಕುರ್ಚಿಯ ಮೇಲೆ ಕುಳಿತು, ಮುಂದೆ ನಿಲ್ಲಿಸಿಕೊಂಡು ನುಡಿಸುತ್ತಾರೆ. ಅದರ ನಾದ ಪಿಟೀಲಿನದಕ್ಕಿಂತ ಬಹಳ ತಗ್ಗು. ಹದಿನೈದರ ವಯಸ್ಸಿಗೆ ದೇಶದ ಸಿಂಫನಿ ವಾದ್ಯವೃಂದದ ಜೊತೆ ಅವಳು ಚೆಲ್ಲೊ ನುಡಿಸಿದ್ದಳು.

ಹೆಸರಿನ ವಿಷಯ ಓದುವಾಗ ನನಗೆ ಬಹಳ ಕುತೂಹಲವಾಯಿತು. ಐಸ್‌ಲ್ಯಾಂಡಿನ ಭಾಷೆಯಲ್ಲಿ ಎರಡು ಸ್ವರಗಳ ನಡುವೆ ಬರುವ 'ಎಫ್' ಅಕ್ಷರವನ್ನು 'ವ' ಎಂದು ಉಚ್ಚರಿಸುತ್ತಾರೆ. ನೂನ್ ಅಕ್ಷರದ ಮುಂದೆ ಬಾ ಬಂದರೆ ಮೀಮ್ ಆಗುವ ಇಕ್ಲಾಬ್ ನಿಯಮವನ್ನು ವರ್ಷವರ್ಷವೂ ಕಲಿಸುವ ನನಗೆ ಇದು ವಿಚಿತ್ರವೆನಿಸಲಿಲ್ಲ. ಅಲ್ಲಿನ ಹೆಚ್ಚಿನ ಜನರಿಗೆ ಮನೆತನದ ಹೆಸರಿಲ್ಲ. ತಂದೆಯ ಹೆಸರಿಗೆ 'ಮಗ' ಅಥವಾ 'ಮಗಳು' ಎಂದು ಸೇರಿಸುತ್ತಾರೆ. ಇವಳ ಪೂರ್ತಿ ಹೆಸರಿನ ಕೊನೆಯಲ್ಲಿರುವುದು 'ಯೋನ್ಸ್‌ದೋತ್ತಿರ್', ಅಂದರೆ ಯೋನ್‌ನ ಮಗಳು. ನಮ್ಮ 'ಬಿನ್ತ್' ಇದ್ದ ಹಾಗೆಯೇ! ಮದುವೆಯಾದರೂ ಹೆಣ್ಣು ಸಾಮಾನ್ಯವಾಗಿ ಆ ಹೆಸರನ್ನು ಬದಲಾಯಿಸುವುದಿಲ್ಲ. ಅದರ ಹಿಂದೆ ತಾಯಿಯ ಮನೆಯ 'ಲಿನ್' ಎಂಬ ಚೀನೀ ಹೆಸರೂ ಇದೆ. ಎರಡು ದೇಶಗಳನ್ನು ಹೆಸರಿನಲ್ಲೇ ಹೊತ್ತ ಹುಡುಗಿ. ಆದರೆ ಬಹುತೇಕ ಎಲ್ಲರೂ ಒಂದೇ ರೀತಿ ಕಾಣುವ ಪುಟ್ಟ ದೇಶದಲ್ಲಿ ಬೇರೆ ಮುಖದ ಮಗುವಾಗಿ ಬೆಳೆಯುವುದು ಹೇಗಿರುತ್ತದೆ? ತಾನು ಹೊರಗಿನವಳು ಎಂಬ ಭಾವನೆ ಬಾಲ್ಯದಲ್ಲಿ ತನ್ನನ್ನು ಬಿಡಲಿಲ್ಲ ಎಂದು ಅವಳು ಹೇಳಿಕೊಂಡಿದ್ದಾಳೆ.

ಅವಳಿಗೆ ಮೆಚ್ಚುಗೆಯಾದ ಸಂಗೀತವೂ ಅವಳ ವಯಸ್ಸಿನದಾಗಿರಲಿಲ್ಲ. ಎಲ್ಲಾ ಫಿಟ್ಸ್‌ಜೆರಾಲ್ಡ್‌ರಂತಹ ಅಮೆರಿಕದ ಹಳೆಯ ಜಾಝ್ ಗಾಯಕಿಯರ ಧ್ವನಿಮುದ್ರಿಕೆಗಳನ್ನು ಕೇಳುತ್ತಾ ಬೆಳೆದಳು. ಅವಳ ಗೆಳತಿಯರ ಅಜ್ಜ ಅಜ್ಜಿಯರ ಕಾಲದ ಹಾಡುಗಳವು. ಮುಂದೆ ವಿದ್ಯಾರ್ಥಿವೇತನ ಪಡೆದು ಅಮೆರಿಕದ ಬಾಸ್ಟನ್ ನಗರದ ಬರ್ಕ್ಲಿ ಸಂಗೀತ ಕಾಲೇಜು ಸೇರಿದಳು. 2020ರಲ್ಲಿ ಕೊರೊನಾ ಬಂದು ಎಲ್ಲರೂ ಮನೆಯೊಳಗೆ ಸೇರಿದಾಗ ಇವಳು ಕೋಣೆಯಲ್ಲಿ ಕುಳಿತು ಹಾಡಿ ವೀಡಿಯೊಗಳನ್ನು ಹಾಕತೊಡಗಿದಳು. ಮುಖ್ಯವಾಗಿ ಎಳೆಯ ವಯಸ್ಸಿನವರೇ ಅದನ್ನು ಕೇಳಿದರು. 2021ರಲ್ಲಿ ಪದವಿ ಮುಗಿಯಿತು. 2022ರ ಆಗಸ್ಟ್‌ನಲ್ಲಿ ಮೊದಲ ಪೂರ್ಣ ಆಲ್ಬಮ್ ಬಂತು, ಜನ ಮೆಚ್ಚಿದರು.

ಎರಡನೆಯದು ಯಾವಾಗಲೂ ಕಷ್ಟ. ಹೊಸ ಸೊಸೆಯ ಮೊದಲ ಬಿರಿಯಾನಿ ಚೆನ್ನಾದರೆ ಎರಡನೆಯ ಸಲ ನೆಂಟರು ತಟ್ಟೆ ಹಿಡಿದುಕೊಂಡೇ ಕಾಯುತ್ತಾರಲ್ಲವೇ? ಮೊದಲ ಆಲ್ಬಮ್‌ಗೆ ಹುಟ್ಟಿದಾಗಿನಿಂದ ಕೂಡಿಟ್ಟದ್ದೆಲ್ಲ ಇರುತ್ತದೆ. ಎರಡನೆಯದಕ್ಕೆ ಅಷ್ಟು ಸಮಯವಿಲ್ಲ, ಎಲ್ಲರ ಕಣ್ಣೂ ಮೇಲಿರುತ್ತದೆ. ಅಂತಹ ಹೊತ್ತಿನಲ್ಲಿ ಯಾರಾದರೂ ಇನ್ನಷ್ಟು ಜನರಿಗೆ ಹಿಡಿಸಲಿ ಎಂದು ಕಾಲಕ್ಕೆ ತಕ್ಕಂತೆ ಬದಲಾಗುವುದು ಸಹಜ. ಲೇವೇ ಹಾಗೆ ಮಾಡಲಿಲ್ಲ.

2023ರ ಸೆಪ್ಟೆಂಬರ್ 8ರಂದು ಬಂದ ಆ ಎರಡನೆಯ ಆಲ್ಬಮ್‌ನ ಹೆಸರು 'ಬಿವಿಚ್ಡ್'. ಮಂತ್ರಕ್ಕೆ ಒಳಗಾದವಳು ಎಂದು ಅರ್ಥ. ಒಟ್ಟು 14 ಹಾಡುಗಳು. ಅವುಗಳಲ್ಲಿ ಒಂದಕ್ಕೆ ಲಂಡನ್ನಿನ ಫಿಲ್ಹಾರ್ಮೋನಿಯಾ ಎಂಬ ದೊಡ್ಡ ವಾದ್ಯವೃಂದವೇ ನುಡಿಸಿದೆ. ತಾಯಿ ಕುಳಿತು ನುಡಿಸುವಂತಹ ವಾದ್ಯವೃಂದವನ್ನು ಮಗಳು ತನ್ನ ಹಾಡಿಗೆ ಕರೆತಂದಳು. ಎರೋಲ್ ಗಾರ್ನರ್ ಎಂಬ ಜಾಝ್ ಪಿಯಾನೊ ವಾದಕರು 1954ರಲ್ಲಿ ರಚಿಸಿದ 'ಮಿಸ್ಟಿ' ಎಂಬ ಹಾಡನ್ನೂ ಅದರಲ್ಲಿ ಹಾಡಿದ್ದಾಳೆ. ಇನ್ನೊಂದು ಹಾಡಿನಲ್ಲಿ ಬ್ರೆಜಿಲ್ ದೇಶದ ಬೊಸಾ ನೋವಾ ಲಯವಿದೆ. ಉಳಿದವುಗಳಲ್ಲಿ ಹೆಚ್ಚಿನವು ಪ್ರೇಮದ ಹಾಡುಗಳೇ. ಅವುಗಳನ್ನು ಕುರಿತು ಮಗಳೊಡನೆ ತಾಯಿಯಾಗಿ ಮಾತನಾಡಬೇಕಾದದ್ದನ್ನು ಮಾತನಾಡಿದ್ದೇನೆ, ಅದು ಬೇರೆ ವಿಷಯ.

ಇದು ಹೊರಬಂದಾಗ ಆದ ಚರ್ಚೆ ನನ್ನ ಗಮನ ಸೆಳೆಯಿತು. ಸ್ಪಾಟಿಫೈನಲ್ಲಿ ಮೊದಲ ದಿನವೇ ಇದರ ಹಾಡುಗಳನ್ನು 57 ಲಕ್ಷಕ್ಕೂ ಹೆಚ್ಚು ಬಾರಿ ಕೇಳಲಾಯಿತು. ಜಾಝ್ ಆಲ್ಬಮ್ ಒಂದಕ್ಕೆ ಅಲ್ಲಿ ಅದು ದಾಖಲೆ. ಆದರೆ ಜಾಝ್ ಬಲ್ಲವರಲ್ಲಿ ಕೆಲವರು "ಇದು ಜಾಝ್ ಅಲ್ಲ, ಪಾಪ್" ಎಂದರು. ಪಾಪ್ ಕೇಳುವ ಎಷ್ಟೋ ಮಂದಿಗೆ ಇದು ಹಳೆಯ ಕಾಲದ ಸಂಗೀತ. ಜಾಝ್‌ನಲ್ಲಿ ಆಯಾ ಕ್ಷಣದಲ್ಲಿ ಹೊಸದನ್ನು ಕಲ್ಪಿಸಿ ನುಡಿಸುವುದೇ ಪ್ರಾಣ. ಇಲ್ಲಿ ಹೆಚ್ಚಿನದೆಲ್ಲ ಮೊದಲೇ ಬರೆದಿಟ್ಟದ್ದು ಎಂಬುದು ಬಲ್ಲವರ ಆಕ್ಷೇಪ. ಅದರಲ್ಲಿ ಹುರುಳಿಲ್ಲ ಎಂದು ನಾನು ಹೇಳಲಾರೆ. ನನ್ನನ್ನು ತಟ್ಟಿದ್ದು ಬೇರೆ. ಐಸ್‌ಲ್ಯಾಂಡಿನಲ್ಲಿ ಚೀನೀಯಳು, ಜಾಝ್‌ನವರಲ್ಲಿ ಪಾಪ್‌ನವಳು. ಎಲ್ಲಿ ಹೋದರೂ ಅರ್ಧ! 2024ರ ಫೆಬ್ರವರಿ 4ರಂದು ಲಾಸ್ ಏಂಜಲೀಸ್‌ನಲ್ಲಿ ಈ ಆಲ್ಬಮ್‌ಗೆ ಗ್ರ್ಯಾಮಿ ಪ್ರಶಸ್ತಿ ಸಿಕ್ಕಿತು. ಅದೂ ಜಾಝ್ ವಿಭಾಗದಲ್ಲಲ್ಲ, ಸಾಂಪ್ರದಾಯಿಕ ಪಾಪ್ ಗಾಯನದ ವಿಭಾಗದಲ್ಲಿ. ಅದೇ ವಿಭಾಗದ ಪಟ್ಟಿಯಲ್ಲಿ ಎಪ್ಪತ್ತು ದಾಟಿದ ಬ್ರೂಸ್ ಸ್ಪ್ರಿಂಗ್‌ಸ್ಟೀನ್‌ರಂತಹ ಹಿರಿಯರಿದ್ದರು. ಇವಳಿಗೆ ಇಪ್ಪತ್ತನಾಲ್ಕು.

ಆದರೆ ನನ್ನ ಮಗಳು ಅತ್ತದ್ದು ಪ್ರಶಸ್ತಿಯ ಹಾಡಿಗಲ್ಲ, ಪ್ರೇಮದ ಹಾಡಿಗೂ ಅಲ್ಲ. ಆ ರಾತ್ರಿ ಅವಳು ಮತ್ತೆ ಮತ್ತೆ ಕೇಳುತ್ತಿದ್ದದ್ದು ಆಲ್ಬಮ್‌ನ ಹದಿಮೂರನೆಯ ಹಾಡು. ಹದಿಮೂರು ವರ್ಷದವಳಾಗಿದ್ದ ತನಗೇ ಲೇವೇ ಬರೆದ ಕಾಗದ ಅದು. ಹೆಸರೇ ಹಾಗಿದೆ. ನಿಘಂಟು ಪಕ್ಕದಲ್ಲಿಟ್ಟುಕೊಂಡು ಅದರ ಮಾತುಗಳನ್ನು ಓದಿದೆ. ಹೆಸರಿಗಾಗಿ ನಗೆಗೀಡಾಗುವ, ಆಟದಲ್ಲಿ ಯಾರಿಗೂ ಬೇಡವಾಗುವ ಒಬ್ಬ ಹುಡುಗಿ ಅದರಲ್ಲಿದ್ದಾಳೆ. ಬೆಳೆದ ಹೆಣ್ಣು ಅವಳ ಬಳಿಗೆ ಹಿಂತಿರುಗಿ ಬಂದು ಸಂತೈಸುತ್ತಾಳೆ. ಉಪದೇಶವಿಲ್ಲ. ಕೀಟಲೆ ಮಾಡಿದವರ ಮೇಲೆ ಸಿಟ್ಟೂ ಇಲ್ಲ. ನಿನಗೆ ಈಗ ಕಾಣದ ದಿನಗಳನ್ನು ನಾನು ನೋಡಿ ಬಂದಿದ್ದೇನೆ ಎಂಬ ಭರವಸೆ ಮಾತ್ರ ಇದೆ.

ನಾನು ಪುಸ್ತಕ ಮುಚ್ಚಿಟ್ಟೆ. ನನಗೆ ನಾಚಿಕೆಯಾಯಿತು ಸಹೋದರಿಯರೇ. ಸಾವಿರಾರು ಮೈಲಿ ದೂರದ, ನಮ್ಮ ಭಾಷೆ ಗೊತ್ತಿಲ್ಲದ ಹುಡುಗಿಯೊಬ್ಬಳು ನನ್ನ ಮಗಳಿಗೆ ಹೇಳಿದ್ದನ್ನು ಒಂದೇ ಸೂರಿನಡಿ ಮಲಗುವ ನಾನು ಹೇಳಿರಲಿಲ್ಲ. ಹೇಳಲು ನನ್ನ ಬಳಿ ಏನೂ ಇರಲಿಲ್ಲವೇ? ಇತ್ತು.

ಹದಿಮೂರರ ವಯಸ್ಸಿಗೆ ನನ್ನನ್ನು ದೂರದ ಊರಿನ ಮದ್ರಸದ ಹಾಸ್ಟೆಲ್‌ಗೆ ಸೇರಿಸಿದರು. ನಮ್ಮ ಮನೆಮಾತು ಬ್ಯಾರಿ, ಶಾಲೆಯಲ್ಲಿ ಕನ್ನಡ. ಅಲ್ಲಿ ಎಲ್ಲವೂ ಉರ್ದು. ಒಂದು ಬೆಳಿಗ್ಗೆ ಬಹಳ ಹೊತ್ತಿನಿಂದ ನಿಂತಿದ್ದ ನಳ್ಳಿಯಲ್ಲಿ ನೀರು ಬಂತು. ವುಝೂಗೆ ಕಾಯುತ್ತಿದ್ದ ಎಲ್ಲರಿಗೂ ಉಪಕಾರವಾಗಲಿ ಎಂದು ನಾನು "ಪಾನೀ ಆ ಗಯೀ!" ಎಂದು ಕೂಗಿದೆ. ಉರ್ದುವಿನಲ್ಲಿ ನೀರು ಪುಲ್ಲಿಂಗ. "ಆ ಗಯಾ" ಎನ್ನಬೇಕಿತ್ತು. ನೀರಿಗೂ ಗಂಡು ಹೆಣ್ಣು ಎಂಬುದಿದೆ ಎಂದು ನನಗೆ ಹೇಗೆ ಗೊತ್ತಾಗಬೇಕು? ಸಾಲಿನಲ್ಲಿದ್ದವರೆಲ್ಲ ನಕ್ಕರು. ಅಂದಿನಿಂದ ಆ ವರ್ಷ ಪೂರ್ತಿ ನನ್ನ ಹೆಸರೇ "ಪಾನೀ ಆ ಗಯೀ" ಎಂದಾಯಿತು. ಊಟದ ಸಾಲಿನಲ್ಲಿ ಹೋದರೆ ಹಿಂದಿನಿಂದ ಯಾರೋ ಮೆಲ್ಲಗೆ ಹೇಳುತ್ತಿದ್ದರು, ಉಳಿದವರು ನಗುತ್ತಿದ್ದರು. ನಾನು ಮಾತನಾಡುವುದನ್ನೇ ಬಿಟ್ಟೆ. ಪಾಠದಲ್ಲಿ ಉತ್ತರ ಗೊತ್ತಿದ್ದರೂ ಕೈ ಎತ್ತಲಿಲ್ಲ. ಮುಂದೆ ಬಿ.ಎ.ಯ ಸಂಪರ್ಕ ತರಗತಿಗೆ ಹೋದಾಗ ನಾನು "ಮದ್ರಸದವಳು" ಆದೆ. ಮದ್ರಸಕ್ಕೆ ಮರಳಿದಾಗ "ಕಾಲೇಜಿನವಳು" ಆದೆ.

ಇಂದು ನಾನು ಹುಡುಗಿಯರಿಗೆ ಕಲಿಸುವುದು ಏನು ಗೊತ್ತೇ? ಉರ್ದು ವ್ಯಾಕರಣ. ಪುಲ್ಲಿಂಗ, ಸ್ತ್ರೀಲಿಂಗದ ಪಾಠವನ್ನು ಇಷ್ಟು ವರ್ಷ ಕಲಿಸಿದ್ದೇನೆ. 'ಪಾನೀ' ಎಂಬ ಶಬ್ದ ಪ್ರತಿ ವರ್ಷವೂ ಬರುತ್ತದೆ. ಒಮ್ಮೆಯೂ ಈ ಕಥೆಯನ್ನು ಯಾರಿಗೂ ಹೇಳಿರಲಿಲ್ಲ. ನಮ್ಮವರಿಗೂ ಹೇಳಿರಲಿಲ್ಲ. ಅಧ್ಯಾಪಕಿಯ ಗೌರವಕ್ಕೆ ಕುಂದು ಎಂದುಕೊಂಡಿದ್ದೆನೋ ಏನೋ.

ಮರುದಿನ ಸಂಜೆ ಮಗಳನ್ನು ಹತ್ತಿರ ಕೂರಿಸಿಕೊಂಡು ಹೇಳಿದೆ. ನೀರಿನ ಕಥೆ ಕೇಳಿ ಮೊದಲು ನಕ್ಕಳು. ನಗಲಿ ಎಂದು ಸುಮ್ಮನಿದ್ದೆ. ಆಮೇಲೆ ನಗು ನಿಲ್ಲಿಸಿ ನನ್ನ ಮುಖವನ್ನೇ ನೋಡಿದಳು.

"ನಿಮಗೂ ಹಾಗೆ ಮಾಡಿದ್ದರಾ ಉಮ್ಮಾ? ಎಷ್ಟು ದಿನ?"

"ಒಂದು ವರ್ಷ."

"ಆಮೇಲೆ ಹೇಗೆ ನಿಂತಿತು?"

ಇಲ್ಲಿ ನಾನು ಸುಳ್ಳು ಹೇಳಬಹುದಿತ್ತು. ಧೈರ್ಯ ಮಾಡಿ ಎದುರಿಸಿದೆ ಎನ್ನಬಹುದಿತ್ತು. "ತಾನಾಗಿ ನಿಂತಿತು. ಅವರಿಗೆ ಬೇಸರವಾಗಿರಬೇಕು. ಆದರೆ ನಾನು ಬಾಯಿ ಮುಚ್ಚಿಕೊಂಡಿದ್ದ ಆ ಒಂದು ವರ್ಷ ನನಗೆ ಮರಳಿ ಸಿಗಲಿಲ್ಲ. ಇಂದಿಗೂ ಅದೊಂದೇ ಬೇಸರ" ಎಂದೆ. ಅವಳು ಏನೂ ಹೇಳಲಿಲ್ಲ. ನನ್ನ ಮಡಿಲಿಗೆ ಒರಗಿಕೊಂಡಳು. ಹದಿಮೂರರ ಮಕ್ಕಳು ಹಾಗೆ ಒರಗುವುದು ಎಷ್ಟು ಅಪರೂಪ ಎಂದು ತಾಯಂದಿರಾದ ನಿಮಗೆ ಹೇಳಬೇಕಾಗಿಲ್ಲ.

ಇದಾದ ಮೇಲೆ ಎಲ್ಲವೂ ಸರಿಯಾಯಿತು ಎಂದು ಬರೆದರೆ ನೀವು ನಂಬಬಾರದು. ಶಾಲೆಯಲ್ಲಿ ಆ ಹೆಸರು ಇನ್ನೂ ಪೂರ್ತಿ ನಿಂತಿಲ್ಲ. ನಾನು ಹೋಗಿ ತರಗತಿಯ ಅಧ್ಯಾಪಕಿಯೊಡನೆ ಮಾತನಾಡಿ ಬಂದೆ. ಅದನ್ನು ಮೊದಲೇ ಮಾಡಬೇಕಾಗಿತ್ತು. ಕಿರಾಅತ್ ಸ್ಪರ್ಧೆಗೆ ಈ ಸಲ ಹೆಸರು ಕೊಡುತ್ತಾಳೋ ಇಲ್ಲವೋ ನಾನು ಕೇಳಿಲ್ಲ. ಆದರೆ ಎರಡು ಸಂಗತಿಗಳನ್ನು ನಿಮ್ಮೊಡನೆ ಹಂಚಿಕೊಳ್ಳಬೇಕು.

ಒಂದು, ನನ್ನ ತರಗತಿಯದು. ಲಿಂಗದ ಪಾಠ ಬಂದಾಗ ನಾನು ಈ ಬಾರಿ ನಳ್ಳಿ ನೀರಿನ ಕಥೆ ಹೇಳಿದೆ. ಹುಡುಗಿಯರು ಬಿದ್ದು ಬಿದ್ದು ನಕ್ಕರು. ಪಾಠ ಮುಗಿದ ಮೇಲೆ ಹಿಂದಿನ ಬೆಂಚಿನ ಒಬ್ಬಳು ಪುಸ್ತಕ ಜೋಡಿಸುವ ನೆಪದಲ್ಲಿ ಉಳಿದುಕೊಂಡಳು. ಬೇರೆ ಜಿಲ್ಲೆಯಿಂದ ಬಂದು ಸೇರಿದವಳು, ವರ್ಷದ ಆರಂಭದಿಂದ ಬಾಯಿ ಬಿಟ್ಟಿರಲಿಲ್ಲ. "ಟೀಚರ್, ನನ್ನನ್ನೂ ಕರೆಯುತ್ತಾರೆ" ಎಂದಳು. ಏನೆಂದು ಕರೆಯುತ್ತಾರೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಇಷ್ಟು ವರ್ಷಗಳಲ್ಲಿ ಹೀಗೆ ಹೇಳಲು ಬಂದು ಹೇಳದೆ ಹೋದವರು ಎಷ್ಟು ಮಂದಿಯೋ!

ಇನ್ನೊಂದು, ನಮ್ಮ ಮನೆಯದು. ಆ ಮಾತುಕತೆಯಾಗಿ ಹತ್ತು ಹನ್ನೆರಡು ದಿನಗಳ ನಂತರದ ಒಂದು ಫಜ್ರ್. ನಾನು ಅಡುಗೆಮನೆಯಲ್ಲಿ ಚಟ್ನಿಗೆ ತೆಂಗಿನಕಾಯಿ ಹಾಕಿ ಮಿಕ್ಸಿಯ ಮುಚ್ಚಳ ಒತ್ತಿ ಹಿಡಿದಿದ್ದೆ. ಕೋಣೆಯಿಂದ ಓದುವ ಧ್ವನಿ ಕೇಳಿಸಿತು. ತುಟಿಯೊಳಗಿನ ಪಿಸುಮಾತಾಗಿರಲಿಲ್ಲ. ಅದೇ ದಪ್ಪ ಧ್ವನಿ. ಸ್ವಾದ್ ಸ್ವಾದ್ ಆಗಿಯೇ, ಖಾಫ್ ಖಾಫ್ ಆಗಿಯೇ ಗಂಟಲಿನಿಂದ ಬರುತ್ತಿತ್ತು. ಬಾಗಿಲು ತೆರೆದೇ ಇತ್ತು. ಓಡಿಹೋಗಿ ಅಪ್ಪಿಕೊಳ್ಳಬೇಕು ಎನಿಸಿತು. ಹೋಗಲಿಲ್ಲ. ಮಿಕ್ಸಿಯ ಸ್ವಿಚ್ಚಿನ ಮೇಲಿದ್ದ ಕೈಯನ್ನು ತೆಗೆದು ಅಲ್ಲೇ ನಿಂತೆ. ಅಂದು ನಮ್ಮ ಮನೆಯಲ್ಲಿ ತಿಂಡಿ ತಡವಾಯಿತು.

ಲೇವೇಯ ಮೂರನೆಯ ಆಲ್ಬಮ್ 2025ರ ಆಗಸ್ಟ್‌ನಲ್ಲಿ ಬಂದಿದೆಯಂತೆ. ಮಗಳು ಹೇಳಿದಳು. ನಾನು ಕೇಳಿಲ್ಲ, ಕೇಳುತ್ತೇನೋ ಇಲ್ಲವೋ ತಿಳಿಯದು. ನನಗೆ ಅವಳಿಂದ ಬೇಕಾಗಿದ್ದದ್ದು ಆ ಎರಡನೆಯದರಲ್ಲೇ ಸಿಕ್ಕಿತು.

ಸಹೋದರಿಯರೇ, ನಮ್ಮಲ್ಲಿ ಪ್ರತಿಯೊಬ್ಬರೊಳಗೂ ಹದಿಮೂರು ವರ್ಷದ ಒಬ್ಬ ಹುಡುಗಿ ಇದ್ದಾಳೆ. ಯಾರೋ ಅವಳ ಬಣ್ಣಕ್ಕೆ, ಹಲ್ಲಿಗೆ, ಭಾಷೆಗೆ, ತಂದೆಯ ಬಡತನಕ್ಕೆ ನಕ್ಕಿದ್ದಾರೆ. ಅದನ್ನು ನಾವು ಮರೆತಿಲ್ಲ, ಮುಚ್ಚಿಟ್ಟಿದ್ದೇವೆ ಅಷ್ಟೇ. ನಮಗೆ ಹಾಡು ಕಟ್ಟಲು ಬರುವುದಿಲ್ಲ, ಅದರ ಅಗತ್ಯವೂ ಇಲ್ಲ. ಇಂದು ಸಂಜೆ ಮಗಳ ಜಡೆ ಹೆಣೆಯುವಾಗ "ನಾನು ನಿನ್ನಷ್ಟು ಇದ್ದಾಗ ಒಮ್ಮೆ ಏನಾಯಿತು ಗೊತ್ತೇ?" ಎಂದು ಆರಂಭಿಸಿ. ಜಡೆ ಮುಗಿಯುವುದರೊಳಗೆ ಅವಳೂ ಏನಾದರೂ ಹೇಳಿಯಾಳು.